ಅತ್ತೆಯ ನೂರ ಹದಿನೇಳು ಟ್ಯಾಬುಗಳು

ಅತ್ತೆಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ಬರೆಯುವುದು ತಮಿಳು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಇಪ್ಪತ್ತೈದು ದಾಟಿದ ಮೇಲೆ, ಬಸ್ಸಿನಲ್ಲಿ ಕೂತು, ಫೋನು ನೋಡಿಕೊಂಡು. ಹಾಗಾಗಿ ಇಲ್ಲಿ ತಪ್ಪು ಒಪ್ಪಿಕೊಂಡರೆ ಊರಿಗೆಲ್ಲ ಗೊತ್ತಾದೀತು, ಮನೆಗೆ ಗೊತ್ತಾಗದು. ಅರ್ಧ ತಪ್ಪು ಅತ್ತೆಗೆ ಆಗಲೇ ಗೊತ್ತಿದೆ. ಉಳಿದ ಅರ್ಧ ನಮ್ಮ ನಿಮ್ಮಲ್ಲೇ ಇರಲಿ.

ಆದದ್ದು ಇಷ್ಟು: ಅತ್ತೆ ತನ್ನ ಜೀವಮಾನದಲ್ಲಿ ಒಂದೇ ಒಂದು ಕೆಲಸಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಕೊನೆಯ ತಾರೀಖಿಗೆ ಮೂರು ದಿನ ಇರುವಾಗ, ನಾನು ಬರೆದ ಒಂದು ನಿಯಮ ಆ ಅರ್ಜಿಯನ್ನು ನುಂಗಿ ನೀರು ಕುಡಿಯಿತು.

ನನ್ನ ಕೆಲಸ ಏನೆಂದು ನೆಂಟರಿಗೆ ಹೇಳುವುದೇ ಒಂದು ಪಾಡು. ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ, ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸಣ್ಣ ಕಂಪನಿ ಇದೆ. ಇಂಟರ್ನೆಟ್ ನೋಡುವ ಬ್ರೌಸರನ್ನು ನಾವು ತಯಾರಿಸುತ್ತೇವೆ. ಜನ ಅದರಲ್ಲಿ ತೆರೆದಿಟ್ಟ ಪುಟಗಳನ್ನು, ಅಂದರೆ ಟ್ಯಾಬುಗಳನ್ನು, ಹೇಗೆ ಮುಚ್ಚಬೇಕು ಎಂಬುದನ್ನು ವಿನ್ಯಾಸ ಮಾಡುವವಳು ನಾನು. "ಅಪ್ಪೊ ತೆರೆಯೋದು ಯಾರು?" ಎಂದು ಒಬ್ಬ ದೊಡ್ಡಪ್ಪ ಕೇಳಿದರು. ಅದಕ್ಕೆ ಬೇರೆಯವರಿದ್ದಾರೆ ಎಂದೆ. "ಹಂಗಾದ್ರೆ ನಿಂದು ಬಾಗಿಲು ಹಾಕೋ ವೇಲೆ" ಎಂದು ತೀರ್ಪು ಕೊಟ್ಟರು; ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ ವೇಲೆ ಎಂದರೆ ಕೆಲಸ. ಮದುವೆ ಮನೆಗಳಲ್ಲಿ ಈಗಲೂ ನನ್ನದು ವಾಚ್‌ಮನ್ ದರ್ಜೆ.

ಬಾಗಿಲು ಹಾಕುವ ಕಷ್ಟ ಹಾಕಿದವರಿಗೇ ಗೊತ್ತು. ಮುಚ್ಚುವ ಇಂಟು ಮಾರ್ಕು ಟ್ಯಾಬಿನ ಎಡಕ್ಕಿರಬೇಕೋ ಬಲಕ್ಕೋ ಎಂದು ನಾವು ಎರಡು ವಾರ ಜಗಳವಾಡಿದ್ದೇವೆ. ಒಂದರ ಹಿಂದೆ ಒಂದರಂತೆ ಹತ್ತು ಮುಚ್ಚುವವರು ಕೈ ಅಲುಗಿಸಬಾರದು. ಮುಂದಿನ ಇಂಟು ಮಾರ್ಕು ತಾನೇ ಜರುಗಿ ಬಂದು ಅದೇ ಜಾಗದಲ್ಲಿ ನಿಲ್ಲಬೇಕು. ಒಂದು ಮುಚ್ಚಿದ ಮೇಲೆ ಕಣ್ಣೆದುರು ಪಕ್ಕದ್ದು ಬರಬೇಕೋ, ಅದು ಯಾವುದರಿಂದ ಹುಟ್ಟಿತೋ ಆ ಹಳೆಯದು ಬರಬೇಕೋ? "ಮುಚ್ಚಲೇ?" ಎಂದು ಒಂದು ಸಲ ಕೇಳಿದರೆ ಮರ್ಯಾದೆ, ಪ್ರತಿ ಸಲ ಕೇಳಿದರೆ ಪೀಡೆ. ಇಂಥದ್ದರಲ್ಲೇ ನನ್ನ ಹಗಲು ಕಳೆಯುತ್ತದೆ. ಸಂಬಳವನ್ನೂ ಇದಕ್ಕೇ ಕೊಡುತ್ತಾರೆ ಎಂದರೆ ದೊಡ್ಡಪ್ಪ ನಂಬುವುದಿಲ್ಲ.

ನಮ್ಮ ತಂಡದ ಲೀಡ್, ಅಂದರೆ ಮುಖ್ಯಸ್ಥ, ತಿರುಪ್ಪೂರಿನವನು, ಬನಿಯನ್ ಫ್ಯಾಕ್ಟರಿ ಮನೆಯವನು. ಹೊಲಿದು ಮುಗಿದ ಬನಿಯನ್ನಿನಲ್ಲಿ ನೇತಾಡುವ ದಾರದ ತುದಿಗಳನ್ನು ಕತ್ತರಿಸಲೆಂದೇ ಅವರಲ್ಲಿ ಒಂದು ಸಾಲು ಹೆಂಗಸರು ಕೂತಿರುತ್ತಾರೆ. ತುದಿ ಉಳಿದರೆ ಮಾಲು ವಾಪಸ್. ಹಾಗೆ ಬೆಳೆದವನಿಗೆ ಸುಮ್ಮನೆ ತೆರೆದುಕೊಂಡಿರುವ ಟ್ಯಾಬು ಕಂಡರೆ ಕೈ ತುರಿಸುತ್ತದೆ. ನನ್ನದು ನೇಕಾರರ ಮನೆ. ನಮ್ಮಲ್ಲಿ ದಾರದ ತುದಿಯ ವಿಚಾರವೇ ಬೇರೆ.

ಕುರಿಚಿಯ ಫೌಂಡ್ರಿಗಳ ಹಿಂದಿನ ಬೀದಿಯಲ್ಲಿ ನಾವಿರುವುದು ಮೂವರು: ಅಪ್ಪ, ಅಪ್ಪನ ತಂಗಿ, ನಾನು. ಅಮ್ಮ ನಾನು ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ನಾನು ಹುಟ್ಟುವ ಮುಂಚೆಯೇ ತವರಿಗೆ ಬಂದಿದ್ದ ಅತ್ತೆ ನನ್ನ ಜಡೆ ಹೆಣೆದು, ಬೈದು, ದೊಡ್ಡವಳನ್ನಾಗಿ ಮಾಡಿದಳು. ನಡುಮನೆಯಲ್ಲಿ ಗುಂಡಿ ಮಗ್ಗ ಇದೆ. ಸಹಕಾರ ಸಂಘದ ಪುಸ್ತಕದಲ್ಲಿ ಅದು ಅಪ್ಪನ ಹೆಸರಿನಲ್ಲಿದೆ. ಸಂಘದಿಂದ ನೂಲು ತರುವವನು ಅಪ್ಪ, ಸೀರೆ ಒಪ್ಪಿಸುವವನು ಅಪ್ಪ, ಮನೆಗೆ ಬಂದವರಿಗೆಲ್ಲ "ನಮ್ಮ ಕೈಯ ನೇಯ್ಗೆ" ಎಂದು ಸೆರಗು ಬಿಡಿಸಿ ತೋರಿಸುವವನೂ ಅಪ್ಪ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವವಳು ಅತ್ತೆ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ನನಗೆ ಮೂವತ್ತನಾಲ್ಕು ವರ್ಷ ಅನ್ನಿಸಲೇ ಇಲ್ಲ.

ಅಂಚಿನ ಚಿತ್ತಾರಗಳನ್ನು ನೋಡಲಿ ಎಂದು ಅತ್ತೆಗೆ ಒಂದು ಟ್ಯಾಬ್ಲೆಟ್ ಕೊಡಿಸಿ, ನಮ್ಮ ಕಂಪನಿಯ ಬ್ರೌಸರನ್ನೇ ಹಾಕಿಕೊಟ್ಟಿದ್ದೆ. ಒಂದು ದಿನ ಎಣಿಸಿ ನೋಡಿದರೆ ನೂರ ಹದಿನೇಳು ಟ್ಯಾಬುಗಳು ತೆರೆದಿದ್ದವು. ಅಂಚುಗಳ ಚಿತ್ರ, ಪೊಳ್ಳಾಚಿಗೆ ಬಸ್ಸಿನ ವೇಳೆ, ಮಂಡಿನೋವಿನ ಎಣ್ಣೆ, ಹಲ್ಲಿ ಹೆಗಲ ಮೇಲೆ ಬಿದ್ದರೆ ಏನು ಫಲ, ನಾಯಿಗೆ ಸ್ನಾನ ಮಾಡಿಸುವ ಬಗೆ. ನಮ್ಮ ಮನೆಯಲ್ಲಿ ನಾಯಿಯಿಲ್ಲ.

"ಅತ್ತೆ, ನೋಡಿ ಮುಗಿದದ್ದನ್ನ ಮುಚ್ಚಬಾರದಾ? ಈ ಇಂಟು ಒತ್ತಿದ್ರೆ ಆಯ್ತು."

"ಯಾಕೆ ಕಣ್ಣು, ಅದು ನಿನ್ನ ಊಟ ಕೇಳ್ತಾ?" ಮುದ್ದು ಬಂದಾಗ ಅತ್ತೆಗೆ ನಾನು ಕಣ್ಣು.

"ಭಾರ ಆಗುತ್ತೆ."

"ನಿಂಗೆ ತಾನೆ? ನಂಗಿಲ್ಲ." ಆಮೇಲೆ, ಬುದ್ಧಿ ಕಮ್ಮಿಯಿರುವವರಿಗೆ ಹೇಳುವ ದನಿಯಲ್ಲಿ, "ಹಳೇದನ್ನ ಕತ್ತರಿಸಿಬಿಟ್ರೆ ಹೊಸದು ಏನನ್ನ ಹಿಡ್ಕೊಂಡು ನಿಲ್ಲುತ್ತೆ?"

ಆಗ ನನಗೆ ಹೊಳೆಯಿತು. ಮಗ್ಗದಲ್ಲಿ ಉದ್ದೆಳೆಗಳ ಹಾಸು ಒಂದು ಮುಗಿದಾಗ ನೇಕಾರರು ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಗೇಣುದ್ದವನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆಯುತ್ತಾರೆ. ಸಾವಿರಾರು ಎಳೆಗಳು. ಹಳೆಯದು ಮುಂದೆ ನಡೆದು ಹೊಸದನ್ನು ಹಣಿಗೆಯೊಳಗೆ ಎಳೆದು ತರುತ್ತದೆ. ಬರಿದಾದ ಮಗ್ಗ ನಮ್ಮಲ್ಲಿ ಅಪಶಕುನ, ಮೇಲಾಗಿ ಅದಕ್ಕೆ ಮತ್ತೆ ಎಳೆ ಪೋಣಿಸುವುದು ಕಣ್ಣು ಸೋಲುವಷ್ಟು ಕೆಲಸ. ಅತ್ತೆ ಬ್ರೌಸರನ್ನೂ ಹಾಗೇ ನಡೆಸುತ್ತಿದ್ದಳು. ಖಾಲಿ ಟ್ಯಾಬು ಅವಳು ತೆರೆದವಳೇ ಅಲ್ಲ. ಯಾವುದೋ ಹಳೆಯ ಪುಟಕ್ಕೆ ಹೋಗಿ, ಅದರೊಳಗಿಂದಲೇ ಮುಂದಿನದನ್ನು ಹೊರಡಿಸುತ್ತಿದ್ದಳು. ಹಲ್ಲಿಯ ಫಲದಿಂದ ನಾಯಿಯ ಸ್ನಾನಕ್ಕೆ ತಲುಪಿದ್ದು ಹೀಗೆ. ಹಳೆಯದನ್ನು ಮುಚ್ಚಿದರೆ ಅದಕ್ಕೆ ಹೊಸೆದುಕೊಂಡಿರುವ ಹೊಸದೂ ಕಳಚಿ ಬೀಳುತ್ತದೆ ಎಂದು ಅವಳ ಲೆಕ್ಕ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಆಫೀಸಿನಲ್ಲಿ ಅತ್ತೆಯ ದನಿಯನ್ನೇ ಅನುಕರಿಸಿ ಹೇಳಿ ಎಲ್ಲರನ್ನೂ ನಗಿಸಿದೆ. ಸಾಲದ್ದಕ್ಕೆ, ಟ್ಯಾಬ್ಲೆಟ್ಟಿನ ಫೋಟೋ ಕೂಡ ತೋರಿಸಿದೆ; ಸಂಜೆ ಮನೆಗೆ ಬಂದು ಅದನ್ನೂ ಅತ್ತೆಗೆ ಹೇಳಿದೆ.

"ಅಕ್ಕಾ, ಇಂಥವರಿಗೋಸ್ಕರವೇ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ ಬೇಕು" ಎಂದ ಲೀಡ್. ವಯಸ್ಸಿನಲ್ಲಿ ನನ್ನ ಓರಗೆಯವನಾದರೂ ಆಫೀಸಿನ ಹೆಂಗಸರನ್ನೆಲ್ಲ ಅಕ್ಕಾ ಎನ್ನುವುದು ಅವನ ರೂಢಿ. ಮೂರು ವಾರ ಮುಟ್ಟದ ಟ್ಯಾಬು ತಂತಾನೇ ಮುಚ್ಚಿಹೋಗಬೇಕು ಎಂದು ಮಾತಾಯಿತು. ನಿಯಮ ಬರೆಯುವುದು ನನ್ನ ಪಾಲಿಗೆ ಬಂತು. ಮುಟ್ಟುವುದು ಎಂದರೇನು? ಪುಟವನ್ನು ಹೊಸದಾಗಿ ತೆರೆದರೆ, ಅಥವಾ ಅದರಿಂದ ಇನ್ನೊಂದಕ್ಕೆ ಹೋದರೆ, ಮುಟ್ಟಿದ ಹಾಗೆ ಎಂದು ಬರೆದೆ. ಹಾಗೆ ಮುಚ್ಚಿಹೋದದ್ದನ್ನು ಮತ್ತೆ ತೆರೆಯಲು ಎಲ್ಲಾದರೂ ಪಟ್ಟಿ ಇಟ್ಟಿರಬೇಕೇ? "ಮೂರು ವಾರ ತಿರುಗಿ ನೋಡದ್ದನ್ನು ಯಾರು ಕೇಳಿಕೊಂಡು ಬರುತ್ತಾರೆ? ಬೇಡ" ಎಂದೆ. ಲೀಡ್ ಚಪ್ಪಾಳೆ ತಟ್ಟಿದ.

ಇನ್ನು ಪರೀಕ್ಷೆಗೆ ಒಬ್ಬರು ಬೇಕಿತ್ತು. ಶನಿವಾರ ಬೆಳಿಗ್ಗೆ ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳಲು ಹೋದಾಗ, ಅವಳ ಟ್ಯಾಬ್ಲೆಟ್ಟಿಗೆ ಹೊಸ ಪ್ರಯೋಗದ ಬ್ರೌಸರನ್ನು ಹಾಕಿಬಿಟ್ಟೆ. ಕೇಳಲಿಲ್ಲ. ಇದೇ ನಾನು ಹೇಳಿದ ಉಳಿದರ್ಧ ತಪ್ಪು: ಅದು ಪರೀಕ್ಷೆಗೆ ಎಂದು ಎಲ್ಲರಿಗೂ ಹೇಳಿದ್ದೇನೆ, ಆದರೆ ನನಗೆ ಬೇಕಿದ್ದುದು ಅತ್ತೆಯ ಮುಖ. ನೂರ ಹದಿನೇಳು ಟ್ಯಾಬು ಬೆಳಗಾಗುವುದರೊಳಗೆ ಹದಿನಾಲ್ಕಾದರೆ ಅವಳು ಹೇಗೆ ಬಾಯಿ ಮಾಡುತ್ತಾಳೆ ಎಂದು ನೋಡುವ ಆಸೆ.

ಭಾನುವಾರ ನಾನು ಇಡ್ಲಿ ತಟ್ಟೆ ಹಿಡಿದುಕೊಂಡು, ಚೆನ್ನಾಗಿ ಕಾಣುವ ಜಾಗ ನೋಡಿಯೇ ಕೂತಿದ್ದೆ. ಅತ್ತೆ ಟ್ಯಾಬ್ಲೆಟ್ ತೆಗೆದಳು, ಸೆರಗಿನಿಂದ ಗಾಜು ಒರೆಸಿದಳು, ಬೆರಳಿನಿಂದ ಒಂದು ಸಲ ಜಾರಿಸಿದಳು. ಮತ್ತೊಂದು ಸಲ. ಇನ್ನೊಂದು ಸಲ. ಬೈಗುಳ ಬರಲಿಲ್ಲ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದುದನ್ನು ಖಚಿತ ಮಾಡಿಕೊಂಡು, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು.

"ಕಣ್ಣು, ಇದ್ರಲ್ಲಿ ಒಂದು ಅರ್ಜಿ ಇತ್ತು. ಕಾಣ್ತಿಲ್ಲ."

"ಏನು ಅರ್ಜಿ?"

ಊರಿನ ಒಂದು ಕಾಲೇಜಿನಲ್ಲಿ ಬಟ್ಟೆಯ ವಿನ್ಯಾಸ ಕಲಿಸುತ್ತಾರೆ. ಅಲ್ಲಿನ ಮಕ್ಕಳಿಗೆ ವಾರಕ್ಕೆ ಎರಡು ದಿನ ಕೈಮಗ್ಗ ಹೇಳಿಕೊಡಲು ನಿಜವಾದ ನೇಕಾರರೊಬ್ಬರು ಬೇಕಾಗಿದ್ದರು. ಓದು ಬೇಡ, ಇಪ್ಪತ್ತು ವರ್ಷ ಕೈಯಾರೆ ನೇಯ್ದಿರಬೇಕು. ಅತ್ತೆ ಆ ಪುಟ ತೆರೆದು ಐದು ವಾರವಾಗಿತ್ತು. ನಿಮ್ಮ ಕೆಲಸದ ಬಗ್ಗೆ ಬರೆಯಿರಿ ಎಂಬ ದೊಡ್ಡ ಚೌಕದಲ್ಲಿ ದಿನಕ್ಕೆ ಒಂದೋ ಎರಡೋ ಸಾಲು, ಎಳೆ ಕಟ್ಟುವ ನಡುನಡುವೆ, ಒಂದೇ ಬೆರಳಿನಿಂದ ತಮಿಳಿನಲ್ಲಿ ಒತ್ತುತ್ತಾ ಬಂದಿದ್ದಳು. ಬುಧವಾರ ಕೊನೆಯ ದಿನ.

"ನಂಗೆ ಒಂದು ಮಾತು ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ನಗ್ತಿದ್ದೆ. ಇಷ್ಟು ಚಿಕ್ಕ ವಿಷಯಕ್ಕೇ ಆಫೀಸೆಲ್ಲ ನಗಿಸಿ ಬಂದೋಳು. ವಾಧ್ಯಾರಮ್ಮ ಆಗ್ತೀನಿ ಅಂದಿದ್ರೆ ಬಿಡ್ತಿದ್ಯಾ?"

ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ನಾನೇ ಮಾಡಿದ್ದು, ಕೇಳದೆ ಪ್ರಯೋಗ ಮಾಡಿಬಿಟ್ಟೆ ಎಂದು ಒಪ್ಪಿಕೊಂಡೆ. ಮುಖ ನೋಡಲು ಕೂತಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ನೀನೇ ಅಂತ ಗೊತ್ತು," ಎಂದಳು. "ಈ ಮನೇಲಿ ಬಾಗಿಲು ಹಾಕೋ ವೇಲೆ ಬೇರೆ ಯಾರು ಮಾಡ್ತಾರೆ?"

ಸೋಮವಾರ ಟ್ಯಾಬ್ಲೆಟ್ಟನ್ನು ಆಫೀಸಿಗೆ ಒಯ್ದು ನಾನೂ ಲೀಡೂ ಮಧ್ಯಾಹ್ನದವರೆಗೆ ಹುಡುಕಿದೆವು. ಐದು ವಾರ ಅತ್ತೆ ಆ ಪುಟವನ್ನು ಹೊಸದಾಗಿ ತೆರೆದಿರಲಿಲ್ಲ, ಅದರಿಂದ ಇನ್ನೊಂದಕ್ಕೆ ಹೋಗಿರಲೂ ಇಲ್ಲ, ಅದರಲ್ಲೇ ಬರೆಯುತ್ತಿದ್ದಳು. ಆದರೆ ಬರೆಯುವುದನ್ನು ಮುಟ್ಟುವುದು ಎಂದು ನಾನು ನಿಯಮದಲ್ಲಿ ಸೇರಿಸಿಯೇ ಇರಲಿಲ್ಲ. ಅತಿ ಹೆಚ್ಚು ಮುಟ್ಟಿಸಿಕೊಂಡ ಟ್ಯಾಬನ್ನು ನನ್ನ ನಿಯಮ ಸತ್ತದ್ದು ಎಂದು ತೀರ್ಮಾನಿಸಿ ಎಳೆದು ಹಾಕಿತ್ತು. ಮತ್ತೆ ತೆರೆಯುವ ಪಟ್ಟಿಯೂ ಇರಲಿಲ್ಲ, ಬೇಡವೆಂದವಳು ನಾನೇ. ಬರೆದದ್ದರ ಒಂದು ಅಕ್ಷರವೂ ಸಿಗಲಿಲ್ಲ.

"ಅಕ್ಕಾ, ಚಪ್ಪಾಳೆ ತಟ್ಟಿದವನು ನಾನು" ಎಂದು ಲೀಡ್ ತಲೆ ಕೆಳಗೆ ಹಾಕಿದ. ಅಂದೇ ಸಂಜೆಯೊಳಗೆ ಆ ನಿಯಮವನ್ನು ಕಿತ್ತು ಹಾಕಿದೆವು. ಅದರಿಂದ ಮುಂದಿನವರಿಗೆ ಒಳ್ಳೆಯದಾದೀತು. ಅತ್ತೆಗೆ ಬುಧವಾರ ಬುಧವಾರವೇ.

ಮಂಗಳವಾರ ರಜೆ ಹಾಕಿ, ಲ್ಯಾಪ್‌ಟಾಪ್ ತಂದು ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕೂತೆ. "ನೀನು ಹೇಳು ಅತ್ತೆ, ನಾನು ಬರೀತೀನಿ."

ಅತ್ತೆ ಗುಂಡಿ ಬಿಟ್ಟು ಏಳಲಿಲ್ಲ. ಲಾಳಿ ಆಡಿಸುತ್ತಲೇ ಕನ್ನಡದಲ್ಲಿ ಹೇಳಿದಳು, ನಾನು ತಮಿಳಿನಲ್ಲಿ ಒತ್ತುತ್ತಾ ಹೋದೆ. ಎಳೆ ತುಂಡಾದದ್ದು ಕಣ್ಣಿಗೆ ಕಾಣುವ ಮುಂಚೆ ಪಾದಕ್ಕೆ ಹೇಗೆ ತಿಳಿಯುತ್ತದೆ. ಅಂಚಿನ ಬಣ್ಣ ಮೈಯ ಬಣ್ಣಕ್ಕೆ ಸೇರುವ ಕಡೆ ಎಳೆ ಎಷ್ಟು ಬಿಗಿ ಇರಬೇಕು. ಮಳೆಗಾಲದ ನೂಲು ಯಾಕೆ ಮಾತು ಕೇಳುವುದಿಲ್ಲ. ಕಾಲೇಜಿನ ಮಕ್ಕಳಿಗೆ ಮೊದಲ ತಿಂಗಳು ಲಾಳಿಯನ್ನು ಮುಟ್ಟಿಸುವುದೇ ಇಲ್ಲವಂತೆ, ಬರೀ ಎಳೆ ಹೊಸೆಯುವುದನ್ನು ಕಲಿಸುತ್ತಾಳಂತೆ. ಈ ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ನನಗೆ ಇದರಲ್ಲಿ ಕಾಲುಭಾಗವೂ ಗೊತ್ತಿರಲಿಲ್ಲ. ಪ್ರತಿ ಪ್ಯಾರಾ ಮುಗಿದಾಗಲೂ ನಾನು ಓದಿ ಹೇಳುತ್ತಿದ್ದೆ. ಪ್ರತಿ ಸಲವೂ ಅವಳು, "ಮುಂಚೆ ಬರ್ದಿದ್ದೇ ಚಂದ ಇತ್ತು" ಎನ್ನುತ್ತಿದ್ದಳು. ಇರಲಿ ಎಂದು ಸಹಿಸಿಕೊಂಡೆ.

ಹನ್ನೊಂದು ಗಂಟೆಗೆ ಕೊನೆಯ ಚೌಕಕ್ಕೆ ಬಂದೆವು. ನೇಯ್ಗೆಯ ಅನುಭವಕ್ಕೆ ಪುರಾವೆ: ಸಂಘದ ಸದಸ್ಯತ್ವದ ಕಾರ್ಡು, ಇಲ್ಲವೇ ಮಗ್ಗ ಯಾರ ಹೆಸರಿನಲ್ಲಿದೆಯೋ ಅವರು ಕೈಯಾರೆ ಬರೆದು ಸಹಿ ಮಾಡಿದ ಪತ್ರ. ಅದರ ಫೋಟೋವನ್ನು ಅರ್ಜಿಯ ಜೊತೆ ಹಾಕಿ, ಪತ್ರವನ್ನೇ ಅಂಚೆಯಲ್ಲಿ ಕಳಿಸಬೇಕು.

"ಇದಕ್ಕೆ ಏನು ಹಾಕಿದ್ದೆ?"

"ಏನೂ ಇಲ್ಲ."

"ಐದು ವಾರದಿಂದ?"

"ಉಳಿದದ್ದೆಲ್ಲ ಎರಡೇ ವಾರದಲ್ಲಿ ಬರ್ದಾಗಿತ್ತು. ಇದಕ್ಕೆ ನಿಂತಿತ್ತು. ಆಮೇಲೆ ಸುಮ್ನೆ ಅದನ್ನೇ ತಿದ್ದಿ ತಿದ್ದಿ ಕೂತೆ." ಲಾಳಿ ನಿಲ್ಲಿಸಿ ದನಿ ತಗ್ಗಿಸಿದಳು. "ಅಣ್ಣನ್ನ ಹೆಂಗೆ ಕೇಳೋದು? ಪಾವಂ, ತಾನೇ ನೇಯ್ದೆ ಅಂತ ನಂಬ್ಕೊಂಡೇ ಬಿಟ್ಟಿದ್ದಾನೆ."

ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ಶಾಲೆಯ ಫಾರಂಗಳು ನೆನಪಾದವು. ತಂದೆಯ ಉದ್ಯೋಗ ಎಂದಿದ್ದಲ್ಲೆಲ್ಲ ನೇಕಾರ ಎಂದು ದುಂಡಗೆ ಬರೆದವಳು ನಾನೇ. ಅತ್ತೆ ಏನು ಮಾಡುತ್ತಾಳೆ ಎಂದು ಟೀಚರು ಕೇಳಿದಾಗ "ಮನೇಲಿ ಸುಮ್ನೆ ಇರ್ತಾಳೆ" ಎಂದವಳೂ ನಾನೇ.

"ಅಪ್ಪಾ, ಸ್ವಲ್ಪ ಬಾ" ಎಂದು ಕೂಗಿದೆ. ಅತ್ತೆ ಕೈಗೆ ಸಿಕ್ಕಿದ ಕಡೆ ಚಿವುಟಿದಳು. ಅಷ್ಟರಲ್ಲಿ ಅಪ್ಪ ಬಂದಾಗಿತ್ತು. ಕೆಲಸದ ವಿಷಯ ಹೇಳಿ, ಪುರಾವೆಯ ಷರತ್ತನ್ನು ಓದಿದೆ.

"ಅಷ್ಟೇನಾ? ಕೊಡು, ಬರ್ದು ಕೈಯೆಳುತ್ತು ಹಾಕ್ತೀನಿ" ಎಂದು ಖುಷಿಯಿಂದಲೇ ಪೆನ್ನು ತೆಗೆದ. ಐದು ನಿಮಿಷದಲ್ಲಿ ಸಹಿ ಸಮೇತ ಪತ್ರ ತಯಾರಾಯಿತು. ನಾನು ಗಟ್ಟಿಯಾಗಿ ಓದಿದೆ: ಇವಳು ನನ್ನ ತಂಗಿ, ನನ್ನ ನೇಯ್ಗೆ ಕೆಲಸದಲ್ಲಿ ಬಹಳ ವರ್ಷಗಳಿಂದ ಸಹಾಯ ಮಾಡುತ್ತಿದ್ದಾಳೆ.

ಅತ್ತೆ ಹಣಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

"ಅಪ್ಪಾ, ನೀನು ಕೊನೇ ಸಲ ಈ ಗುಂಡೀಲಿ ಕೂತಿದ್ದು ಯಾವಾಗ?"

ಅವನು ನಿಜವಾಗಿಯೂ ಯೋಚಿಸಿದ. "ನೀನು ಹುಟ್ಟೋಕ್ ಮುಂಚೆ ಇರ್ಬೇಕು. ಯಾಕೆ?" ನಾನು ಹಾಳೆಯನ್ನು ಅವನ ಕಡೆಗೇ ತಳ್ಳಿದೆ. ಕೆಮ್ಮಿ, ಕನ್ನಡಕ ಸರಿ ಮಾಡಿಕೊಂಡು, ಎರಡನೆಯದು ಬರೆದ: ಮೂವತ್ತೈದು ವರ್ಷಗಳಿಂದ ನಾವಿಬ್ಬರೂ ಸೇರಿ ನೇಯುತ್ತಿದ್ದೇವೆ.

ಅತ್ತೆ ಲಾಳಿ ಕೆಳಗಿಟ್ಟು ಗುಂಡಿಯಿಂದ ಎದ್ದಳು. "ಬಾ ಅಣ್ಣಾ. ಈ ಅಂಚು ಒಂದು ಬೆರಳಷ್ಟು ನೇಯ್ದು ತೋರ್ಸು. ಈ ಪತ್ರಾನ ಹಂಗೇ ಕಳಿಸಿಬಿಡ್ತೀನಿ."

ಅಪ್ಪ ನಗುತ್ತಲೇ ಇಳಿದ. ಮಂಡಿ ಹಿಡಿದುಕೊಂಡು ಕೂತ. ಒಂದು ಕಾಲುಮಣೆ ಒತ್ತಿದ, ಅದಲ್ಲ ಎಂದು ಇನ್ನೊಂದು ಒತ್ತಿದ, ಲಾಳಿ ಎಸೆದ. ಅದು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಟಪ್ಪೆಂದು ನಾಲ್ಕೈದು ಎಳೆ ತುಂಡಾದವು. ಇನ್ನೊಂದು ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅತ್ತೆ ಮೆಲ್ಲಗೆ ಬಗ್ಗಿ, ಅವನ ಹೆಗಲ ಮೇಲಿನಿಂದ ಕೈ ಚಾಚಿ, ತುಂಡಾದ ಎಳೆಗಳನ್ನು ಒಂದೊಂದಾಗಿ ಹೊಸೆದಳು. ಅವಳ ಬೆರಳುಗಳನ್ನು ಅಪ್ಪ ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಅವನ ನಗು ನಿಂತುಹೋಗಿತ್ತು.

"ಆ ಹಾಳೆ ಇಲ್ಲಿ ಕೊಡು" ಎಂದ. ಗುಂಡಿಯಲ್ಲಿ ಕೂತೇ, ಮಗ್ಗದ ಮರದ ಮೇಲೆ ಹಾಳೆಯಿಟ್ಟುಕೊಂಡು ಬರೆದ. ಈ ಸಲ ಬಹಳ ಹೊತ್ತು ಹಿಡಿಯಿತು. ಬರೆದದ್ದನ್ನು ನನಗೆ ಕೊಡಲಿಲ್ಲ, ನೇರ ತಂಗಿಯ ಕೈಗೆ ಕೊಟ್ಟ. ಅವಳ ಭುಜದ ಹಿಂದಿನಿಂದ ನಾನು ಓದಿಕೊಂಡೆ. ಈ ಮಗ್ಗ ನನ್ನ ಹೆಸರಿನಲ್ಲಿದೆ. ಇದರಲ್ಲಿ ಮೂವತ್ತೈದು ವರ್ಷದಿಂದ ನೇಯ್ದ ಪ್ರತಿಯೊಂದು ಸೀರೆಯೂ ನನ್ನ ತಂಗಿಯದು. ನಾನು ನೇಯ್ದೆ ಎಂದು ಹೇಳಿಕೊಂಡು ತಿರುಗಿದ್ದೇನೆ, ಅದು ಸುಳ್ಳು. ಕೆಳಗೆ ಸಹಿ.

ಅತ್ತೆ ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನಾನು ಫೋಟೋ ತೆಗೆಯಲು ಫೋನು ಹಿಡಿದು ಕಾದೆ. ಅವಳು ಹಾಳೆಯನ್ನು ನನಗೆ ಕೊಟ್ಟು, ನೋಟ್‌ಬುಕ್ಕಿನಿಂದ ಇನ್ನೊಂದು ಖಾಲಿ ಹಾಳೆ ಹರಿದು ಅಣ್ಣನ ಮುಂದಿಟ್ಟಳು.

"ಇನ್ನೊಂದ್ಸಲ ಬರಿ."

"ಯಾಕಮ್ಮಾ, ಏನಾದ್ರೂ ತಪ್ಪಿದೆಯಾ?"

"ತಪ್ಪೇನಿಲ್ಲ. ಅದು ಕಾಲೇಜಿಗೆ. ಇದು ನಂಗೆ."